ಕಿಟಕಿಗೆ ಗಾಜು ಬಂದ ಮೇಲೆ ಕಾಗದದ ಹೂವಿನ ಗತಿಯೇನು? ಚೀನಾದ ಜನಪದ ಚಿತ್ತಾರಗಳ ಬಗ್ಗೆ ಒಂದು ಚರ್ಚೆ

ಬಿದಿರುಕಡ್ಡಿ (ಚರ್ಚೆ ಆರಂಭಿಸಿದವರು)

ಚೀನಾದ ಕಾಗದ ಕತ್ತರಿಸುವ ಕಲೆ 2009ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿ ಸೇರಿತು. ಅದರ ಬಗ್ಗೆ ನಾನು ಓದುವ ಬರಹಗಳೆಲ್ಲ ಒಂದೇ ಧಾಟಿಯವು: ಕಲೆ ಅಳಿವಿನಂಚಿನಲ್ಲಿದೆ, ಬಲ್ಲ ಅಜ್ಜಿಯರು ಕಣ್ಮರೆಯಾಗುತ್ತಿದ್ದಾರೆ, ಉಳಿಸಿಕೊಳ್ಳಬೇಕು. ಉಳಿಸುವುದು ಏನನ್ನು ಎಂದು ಮಾತ್ರ ಯಾರೂ ಕೇಳುವುದಿಲ್ಲ. ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ.

ಉತ್ತರ ಶಾನ್‌ಕ್ಸಿ ಹಳದಿ ಮಣ್ಣಿನ ಸೀಮೆ. ಅಲ್ಲಿನವರು ಗುಡ್ಡ ಕೊರೆದು ಗುಹೆಮನೆ ಮಾಡಿಕೊಂಡು ಬದುಕಿದವರು. ಮನೆಗೆ ಬೆಳಕು ಬರುವುದು ಮುಂಭಾಗದಿಂದ ಮಾತ್ರ. ಅಲ್ಲಿ ಮರದ ಪಟ್ಟಿಗಳ ಜಾಲರಿ ಕಿಟಕಿ, ಅದಕ್ಕೆ ಗಾಜಿನ ಬದಲು ಬಿಳಿ ಕಾಗದ. ಹೊಸ ವರ್ಷಕ್ಕೆ ಮುಂಚೆ ಮಾಸಿದ ಕಾಗದವನ್ನು ಕಿತ್ತು, ಹೊಸದನ್ನು ಅಂಟಿಸಿ, ಅದರ ಮೇಲೆ ಕೆಂಪು ಕಾಗದದಲ್ಲಿ ಕತ್ತರಿಸಿದ ಹುಂಜ, ಮೀನು, ದಾಳಿಂಬೆ, ಮಗುವಿನ ಚಿತ್ರಗಳನ್ನು ಅಂಟಿಸುತ್ತಿದ್ದರು. ಇವಕ್ಕೆ ಕಿಟಕಿ ಹೂವು ಎಂದೇ ಹೆಸರು. ಬಿಸಿಲಿಗೆ ಬಣ್ಣ ಹೋಗುತ್ತದೆ, ಗಾಳಿಗೆ ಅಂಚು ಹರಿಯುತ್ತದೆ. ಮುಂದಿನ ವರ್ಷ ಅದನ್ನೂ ಕಿತ್ತೆಸೆಯುತ್ತಾರೆ. ಹರಿದುಹೋಯಿತಲ್ಲ ಎಂದು ಯಾರೂ ಮರುಗುತ್ತಿರಲಿಲ್ಲ.

ಹಾಗಿದ್ದರೆ ನಮೂನೆ ತಲೆಮಾರು ದಾಟಿದ್ದು ಹೇಗೆ? ಹೊಗೆಯಿಂದ. ಪಕ್ಕದ ಮನೆಯವಳ ಚಿತ್ರ ಇಷ್ಟವಾಯಿತು ಎನ್ನಿ. ಒಂದು ಹಲಗೆಯ ಮೇಲೆ ಬಿಳಿ ಕಾಗದವನ್ನು ಒದ್ದೆ ಮಾಡಿ ಹರಡಿ, ಅವಳಿಂದ ಎರವಲು ತಂದ ಚಿತ್ರವನ್ನು ಅದಕ್ಕೆ ಅಂಟಿಸುವುದು. ಎಣ್ಣೆ ದೀಪದ ಮೇಲೆ ಹಲಗೆಯನ್ನು ಮಗುಚಿ ಹಿಡಿದರೆ ಮಸಿ ಕೂರುತ್ತದೆ. ಒಣಗಿದ ಮೇಲೆ ಮೂಲ ಚಿತ್ರವನ್ನು ಬಿಡಿಸಿ ಹಿಂತಿರುಗಿಸಿದರಾಯಿತು. ಕರಿಯ ಹಿನ್ನೆಲೆಯಲ್ಲಿ ಬಿಳಿಯ ಅಚ್ಚು ನಿಮ್ಮ ಕೈಯಲ್ಲಿ. ಅದನ್ನು ಕೆಂಪು ಕಾಗದದ ಕೆಲವು ಪದರಗಳ ಮೇಲಿಟ್ಟು ಹೊಲಿದು ಕತ್ತರಿಸಿದರೆ ಒಂದೇ ಸಲಕ್ಕೆ ಹಲವು ಪ್ರತಿ. ಕತ್ತರಿಸುವಾಗ ಅವಳ ಹುಂಜಕ್ಕೆ ಇವಳು ಒಂದು ಗರಿ ಸೇರಿಸುತ್ತಾಳೆ, ಹೊಟ್ಟೆಯೊಳಗೊಂದು ಹೂವು ಬಿಡಿಸುತ್ತಾಳೆ. ನಮೂನೆ ಊರಿಂದೂರಿಗೆ ನಡೆದದ್ದು ಹೀಗೆ.

ಈಗ ಕಿಟಕಿಗೆ ಗಾಜು ಬಂದಿದೆ. ಜನ ಗುಹೆಮನೆ ಬಿಟ್ಟು ಕಾಂಕ್ರೀಟ್ ಮನೆಗೆ ಹೋಗಿದ್ದಾರೆ. ಚಿತ್ರಕ್ಕೆ ಚೌಕಟ್ಟು ಹಾಕಿ ಗೋಡೆಗೆ ನೇತುಹಾಕುತ್ತಾರೆ. ವರ್ಷವರ್ಷವೂ ಕಿತ್ತು ಅಂಟಿಸುವ ಆ ಅಗತ್ಯ ಇಲ್ಲದೆ ನಮೂನೆ ಮಾತ್ರ ಬದುಕುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ನಿಮಗೇನನ್ನಿಸುತ್ತದೆ?

ಗುಂಡುಸೂಜಿ

ಚೆನ್ನಾಗಿ ಬರೆದಿದ್ದೀರಿ. ಆದರೆ ಇದು ಹೊಟ್ಟೆ ತುಂಬಿದವರ ವಾದ. ಕಿತ್ತೆಸೆಯುವುದೇ ಸಂಪ್ರದಾಯ ಎಂದು ಎಲ್ಲರೂ ಕೈಕಟ್ಟಿ ಕೂತಿದ್ದರೆ ಈ ಕಲೆ ಎಷ್ಟು ಹಳೆಯದು ಎಂಬುದೂ ನಮಗೆ ತಿಳಿಯುತ್ತಿರಲಿಲ್ಲ. ಶಿನ್‌ಜಿಯಾಂಗ್‌ನ ತುರ್ಫಾನ್ ಬಳಿಯ ಗೋರಿಗಳಲ್ಲಿ 1959ರಲ್ಲಿ ಸಿಕ್ಕ ಕತ್ತರಿಸಿದ ಕಾಗದಗಳೇ ಇವತ್ತಿಗೂ ಹಳೆಯ ಪುರಾವೆ, ಸುಮಾರು 1,500 ವರ್ಷ ಹಿಂದಿನವು. ದುಂಡಗಿನ ಹೂವಿನ ಸುತ್ತ ಜೋಡಿ ಕುದುರೆಗಳು, ಜೋಡಿ ಮಂಗಗಳು. ಮಳೆಯೇ ಬೀಳದ ಸೀಮೆಯ ಒಣಹವೆ ಅವನ್ನು ಕಾಪಾಡಿತು, ವಸ್ತುಸಂಗ್ರಹಾಲಯ ಮುಂದಕ್ಕೆ ದಾಟಿಸಿತು.

ಇನ್ನೊಂದು ವಿಷಯ. ಗಾಜು ಬಂದದ್ದರಿಂದಲೇ ಎಲ್ಲ ಹಾಳಾಯಿತು ಎನ್ನುವಾಗ ಮಾವೋನ ಸಾಂಸ್ಕೃತಿಕ ಕ್ರಾಂತಿ ಶುರುವಾದ 1966ನ್ನು ಮರೆಯಬೇಡಿ. ಹಳೆಯ ವಿಚಾರ, ಸಂಸ್ಕೃತಿ, ರೂಢಿ, ಅಭ್ಯಾಸ ಎಂಬ ‘ನಾಲ್ಕು ಹಳತು’ಗಳನ್ನು ನಾಶ ಮಾಡಿ ಎಂಬ ಕರೆ ಬಂದಾಗ ಬಾಗಿಲಿಗೆ, ಗೋಡೆಗೆ ಅಂಟಿಸುವ ಹೊಸ ವರ್ಷದ ಚಿತ್ರಗಳ ಮರದ ಅಚ್ಚುಗಳು ಎಷ್ಟೋ ಕಡೆ ಒಲೆ ಸೇರಿದವು. ದ್ವಾರಪಾಲಕರು, ಒಲೆಯ ದೇವರು, ಕೊಬ್ಬಿದ ಮಗು ಮೀನನ್ನು ಅಪ್ಪಿಕೊಂಡಿರುವ ಚಿತ್ರ, ಯಾವುದನ್ನೂ ಬಿಡಲಿಲ್ಲ. ಹೆಬೈ ಪ್ರಾಂತ್ಯದ ವೂಛ್ಯಾಂಗ್ ಇಂಥ ಚಿತ್ರಗಳಿಗೆ ಹೆಸರಾದ ಊರು. ಅಲ್ಲಿನ ಒಂದು ಹಳ್ಳಿಮನೆಯ ಮಾಡಿನಲ್ಲಿ ಬಚ್ಚಿಟ್ಟಿದ್ದ ಹಳೆಯ ಅಚ್ಚುಗಳು 2003ರಲ್ಲಿ ಹೊರಬಂದವು. ತಿಯಾನ್‌ಜಿನ್‌ನ ಸಾಹಿತಿ ಫೆಂಗ್ ಜಿತ್ಸಾಯ್ ಮುಂದೆ ನಿಂತು ಜನಪದ ಪರಂಪರೆಯನ್ನು ದಾಖಲಿಸುವ ದೊಡ್ಡ ಕಾರ್ಯ ಆರಂಭಿಸಿದ್ದೂ ಅದೇ ವರ್ಷ. ಅಂಥ ಕೆಲಸ ನಡೆಯದಿದ್ದರೆ ಯಾವುದು ಜೀವಂತ, ಯಾವುದು ಸತ್ತದ್ದು ಎಂದು ಚರ್ಚಿಸಲು ನಮ್ಮ ಮುಂದೆ ಏನಿರುತ್ತಿತ್ತು ಹೇಳಿ.

ಬಿದಿರುಕಡ್ಡಿ

ಮಾಡಿನ ಮೇಲೆ ಬಚ್ಚಿಟ್ಟವನು ಮತ್ತೆ ಅಚ್ಚೊತ್ತುವ ದಿನ ಬರುತ್ತದೆಂದು ಬಚ್ಚಿಟ್ಟನೇ ಹೊರತು ಪ್ರದರ್ಶನಕ್ಕಲ್ಲ. ಅಚ್ಚಿನ ಹಲಗೆ ಒಂದು ಸಾಧನ. ಅದನ್ನು ಉಳಿಸಬೇಕು, ಒಪ್ಪುತ್ತೇನೆ. ನಾನು ಕೇಳುತ್ತಿರುವುದು ಅದರಿಂದ ಒತ್ತಿದ ಚಿತ್ರವನ್ನು ಬಾಗಿಲಿಗೆ ಅಂಟಿಸುವವರು ಯಾರು ಎಂದು.

ಹತ್ತಿನೂಲು

ಇಬ್ಬರೂ ಕಾಗದದಲ್ಲೇ ನಿಂತುಬಿಟ್ಟಿರಲ್ಲ. ಕಾಗದ ಬಟ್ಟೆಯೊಳಗೆ ಹೂತುಹೋಗುವ ಕಥೆ ಕೇಳಿ. ಗ್ವೀಝೋ ಪ್ರಾಂತ್ಯದ ಮಿಯಾವೋ ಬುಡಕಟ್ಟಿನ ಹೆಂಗಸರಲ್ಲಿ ಕೆಲವು ಕಡೆ ಕಸೂತಿಗೆ ಮೊದಲು ಬಿಳಿ ಕಾಗದದಲ್ಲಿ ಚಿಟ್ಟೆ, ಪಕ್ಷಿ, ಡ್ರ್ಯಾಗನ್ ಕತ್ತರಿಸಿ ಬಟ್ಟೆಗೆ ಅಂಟಿಸುತ್ತಾರೆ. ಆಮೇಲೆ ರೇಷ್ಮೆ ದಾರದಿಂದ ಅದು ಒಂದಿಷ್ಟೂ ಕಾಣದಂತೆ ಮುಚ್ಚಿಬಿಡುತ್ತಾರೆ. ಕಾಗದ ಒಳಗೇ ಉಳಿದು ಹೊಲಿಗೆಗೆ ಸ್ವಲ್ಪ ಉಬ್ಬು ಕೊಡುತ್ತದೆ. ಸಂತೆಯಲ್ಲಿ ಇಂಥ ಕತ್ತರಿಸಿದ ನಮೂನೆಗಳನ್ನು ಮಾರುವ ಹೆಂಗಸರೂ ಇರುತ್ತಾರೆ. ಚೆನ್ನಾಗಿ ಕತ್ತರಿಸಲು ಬಾರದವರು ಕೊಂಡು ಹೊಲಿಯುತ್ತಾರೆ. ಇಲ್ಲಿ ನಮೂನೆ ಎಂದರೆ ಒಳಗಿನ ಕಾಗದವೇ, ಮೇಲಿನ ದಾರವೇ?

ಇನ್ನೊಂದು ಬಗೆಯ ಮಿಯಾವೋ ಹೊಲಿಗೆಯಲ್ಲಿ ಕಾಗದವೂ ಇಲ್ಲ, ಗೀಟೂ ಇಲ್ಲ. ನೇಯ್ಗೆಯ ಎಳೆ ಎಣಿಸಿ ಹೊಲಿಯುವುದು. ಬಟ್ಟೆಯ ಹಿಂಬದಿಯನ್ನು ತಮ್ಮತ್ತ ಇಟ್ಟುಕೊಂಡು ಹೊಲಿಯುತ್ತಾರೆ, ಚಿತ್ರ ಆಚೆ ಬದಿಯಲ್ಲಿ ಮೂಡುತ್ತದೆ. ನಾನು ಧಾರವಾಡದಲ್ಲಿ ಗವಂತಿ, ಮುರಗಿ ಹೊಲಿಗೆ ಕಲಿತವಳು. ನಮ್ಮ ಕಸೂತಿಯೂ ಎಳೆ ಎಣಿಸುವುದೇ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವಂತಿಲ್ಲ, ಹಿಂದೆ ಗಂಟು ಕಾಣುವಂತಿಲ್ಲ. ಎಣಿಕೆಯ ಹೊಲಿಗೆಯಲ್ಲಿ ತೇರಿನ ಚಿತ್ರದ ಒಂದು ಎಳೆ ತಪ್ಪಿದರೆ ಮತ್ತೆ ಬುಡದಿಂದ ಬಿಚ್ಚಬೇಕು. ಆದ್ದರಿಂದ ಹಿಂಬದಿ ನೋಡಿಕೊಂಡು ಮುಂಬದಿಯ ಚಿತ್ರ ತೆಗೆಯುವವರ ಕೈಗೆ ನಾನು ದೂರದಿಂದಲೇ ನಮಸ್ಕರಿಸುತ್ತೇನೆ.

ಅವರ ಚಿತ್ರಗಳಲ್ಲಿ ಚಿಟ್ಟೆ ಏಕೆ ಅಷ್ಟೊಂದು ಎಂದರೆ, ಮಿಯಾವೋ ಪುರಾಣದಲ್ಲಿ ಚಿಟ್ಟೆಯೇ ಆದಿತಾಯಿ. ಮೇಪಲ್ ಮರದಿಂದ ಹುಟ್ಟಿದ ಅವಳು ಹನ್ನೆರಡು ಮೊಟ್ಟೆ ಇಟ್ಟಳು. ಅವುಗಳಿಂದ ಮನುಷ್ಯರ ಮೂಲಪುರುಷನೂ ಗುಡುಗು, ಹುಲಿ, ಡ್ರ್ಯಾಗನ್‌ಗಳೂ ಬಂದರು. ರೆಕ್ಕೆಯ ನಡುವೆ ಹೆಣ್ಣಿನ ಮುಖವಿರುವ ಚಿಟ್ಟೆ ಕಂಡರೆ ಅದು ಬರಿ ಅಲಂಕಾರ ಎಂದುಕೊಳ್ಳಬೇಡಿ.

ಸುಮ್ಮನೆ ಓದುವವ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಚೀನಾದ ಹಳೆಯ ಪಿಂಗಾಣಿ, ಕುರ್ಚಿ, ಬಟ್ಟೆ, ಎಲ್ಲಿ ನೋಡಿದರೂ ಬಾವಲಿ. ನಮ್ಮಲ್ಲಿ ಬಾವಲಿ ಮನೆಯೊಳಗೆ ಬಂದರೆ ಶಾಂತಿ ಮಾಡಿಸುವವರಿದ್ದಾರೆ. ಅವರಿಗೇನು ಅದರ ಮೇಲೆ ಅಷ್ಟು ಪ್ರೀತಿ?

ಪರ್ಲ್ ನದಿ ದಡದಿಂದ

ಪ್ರಾಣಿಯ ಮೇಲೆ ಪ್ರೀತಿಯೇನಿಲ್ಲ ಅಣ್ಣ, ಅದರ ಹೆಸರಿನ ಮೇಲೆ. ಬಾವಲಿ ಮತ್ತು ಭಾಗ್ಯ ಎರಡಕ್ಕೂ ಅಲ್ಲಿ ‘ಫು’ ಎಂಬ ಒಂದೇ ಉಚ್ಚಾರ. ಐದು ಬಾವಲಿಗಳು ಐದು ಭಾಗ್ಯಗಳು. ಮೀನು ‘ಯು’, ಉಳಿಕೆಯೂ ‘ಯು’. ಆದ್ದರಿಂದ ಕಮಲದ ಜೊತೆ ಮೀನು ಇದ್ದರೆ ವರ್ಷವರ್ಷವೂ ಕಣಜದಲ್ಲಿ ಮಿಗಲಿ ಎಂಬ ಹಾರೈಕೆ. ದಾಳಿಂಬೆ ಮಾತ್ರ ಶ್ಲೇಷೆ ಬೇಡದ ಚಿತ್ರ, ಹೊಟ್ಟೆ ತುಂಬ ಬೀಜ, ಮನೆ ತುಂಬ ಮಕ್ಕಳು.

ನನಗೆ ಹೆಚ್ಚು ಹಿಡಿಸಿದ್ದು ‘ಐದು ವಿಷ’ದ ನಮೂನೆ. ಚೀನೀ ಚಾಂದ್ರಮಾನದ ಐದನೆಯ ತಿಂಗಳ ಐದನೆಯ ದಿನದ ಹಬ್ಬಕ್ಕೆ ಮಕ್ಕಳ ಅಂಗಿಯ ಮೇಲೆ ಚೇಳು, ಹಾವು, ಜರಿ, ಹಲ್ಲಿ, ನೆಲಗಪ್ಪೆಗಳನ್ನು ಹೊಲಿಯುತ್ತಾರೆ. ಬೇಸಿಗೆ ಏರುವ ಹೊತ್ತು, ಹುಳಹುಪ್ಪಟೆ ಹೊರಬರುವ ಕಾಲ. ವಿಷಜಂತುಗಳನ್ನು ಮಗುವಿನ ಮೈಮೇಲೆಯೇ ಕೂರಿಸಿ ಅವುಗಳ ವಿಷ ಇಳಿಸುವ ಉಪಾಯ. ಹುಲಿ ತಲೆಯ ಟೋಪಿ, ಹುಲಿ ಮುಖದ ಪುಟ್ಟ ಚಪ್ಪಲಿಗಳ ಕೆಲಸವೂ ಕಾವಲೇ.

ನಾನಿರುವ ದಕ್ಷಿಣ ಚೀನಾದಲ್ಲಿ ಹೊಸ ವರ್ಷದ ಮುಂಚೆ ಸಗಟು ಮಾರುಕಟ್ಟೆಗೆ ಹೋದರೆ ಕಿಟಕಿ ಹೂವು ರಾಶಿ ರಾಶಿ. ಹೆಚ್ಚಿನವು ಪ್ಲಾಸ್ಟಿಕ್ ಹಾಳೆಯವು. ಅಂಟು ಸಹ ಬೇಡ, ಗಾಜಿಗೆ ತಾನೇ ಕಚ್ಚಿಕೊಳ್ಳುತ್ತದೆ. ಕೆಲವನ್ನು ಲೇಸರ್ ಯಂತ್ರದಲ್ಲಿ ಕತ್ತರಿಸಿರುತ್ತಾರೆ. ಯಾವ ಅಜ್ಜಿಯ ಕೈಗೂ ಎಟುಕದಷ್ಟು ಸಣ್ಣ ಕೆಲಸ, ಆದರೆ ಸಾವಿರ ತುಣುಕಿನಲ್ಲಿ ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಬಿದಿರುಕಡ್ಡಿಯವರೇ, ಗಾಜು ಬಂದ ಮೇಲೆ ಕಿಟಕಿ ಹೂವು ಸತ್ತಿತು ಎನ್ನುತ್ತೀರಿ. ಇಲ್ಲಿ ಅದು ಸತ್ತಿಲ್ಲ, ಮೈತುಂಬಿಕೊಂಡಿದೆ. ವರ್ಷಕ್ಕೊಮ್ಮೆ ಕಿತ್ತೆಸೆಯುತ್ತಾರೆ ಕೂಡ! ನಿಮ್ಮ ಷರತ್ತುಗಳೆಲ್ಲ ಪೂರೈಸಿದವಲ್ಲ?

ಬಿದಿರುಕಡ್ಡಿ

ಒಂದನ್ನು ಬಿಟ್ಟು. ಮನೆಯಲ್ಲಿ ಅದನ್ನು ಬದಲಿಸಬಲ್ಲ ಕೈ. ಕೊಂಡು ತಂದ ಹುಂಜಕ್ಕೆ ಯಾರೂ ಗರಿ ಸೇರಿಸುವುದಿಲ್ಲ.

ಮಕರತೋರಣ

ಭಾರತದ ಕಡೆಯಿಂದ ಹೋದ ಕೆಲವು ಎಳೆಗಳನ್ನು ಹೇಳಬೇಕು. ಚೀನಾದ ಕಿಟಕಿ ಜಾಲರಿ, ರೇಷ್ಮೆ ಬಟ್ಟೆಯ ಹಿನ್ನೆಲೆ ವಿನ್ಯಾಸಗಳಲ್ಲಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೊನೆಯೇ ಇಲ್ಲದೆ ಸಾಗುವ ಸ್ವಸ್ತಿಕಗಳಿವೆ. ಬೌದ್ಧಧರ್ಮದ ಮಂಗಳ ಚಿಹ್ನೆಯಾಗಿ ಅಲ್ಲಿ ನೆಲೆಯೂರಿದ ಇದನ್ನು 693ರಲ್ಲಿ ಚಕ್ರವರ್ತಿನಿ ವೂ ಜತಿಯಾನ್ ‘ವಾನ್’ ಎಂದು, ಅಂದರೆ ಹತ್ತುಸಾವಿರ ಎಂದು ಓದಬೇಕೆಂದು ಆಜ್ಞಾಪಿಸಿದಳು. ಅಲ್ಲಿಂದ ಅದು ಅಕ್ಷರವೂ ಹೌದು, ಚಿತ್ರವೂ ಹೌದು. ನಮ್ಮ ಮಕರವೂ ಬೌದ್ಧರ ಜೊತೆ ಹೋಗಿ ತಾಂಗ್ ಕಾಲದ ಬೆಳ್ಳಿ ತಟ್ಟೆಗಳ ನಡುವೆ ಈಜಾಡಿತು. ಬೇಲೂರು, ಹಳೇಬೀಡಿನ ಗೋಡೆಗಳಲ್ಲಿ ಕಾಣುವ ಸೊಂಡಿಲಿನ ಮಕರದ ಹತ್ತಿರದ ನೆಂಟ ಅದು, ಅಲ್ಲಿ ನಿಧಾನವಾಗಿ ಮೀನು ಮತ್ತು ಡ್ರ್ಯಾಗನ್‌ಗಳ ರೂಪ ಪಡೆಯಿತು.

ವಾಯವ್ಯ ಚೀನಾದ ಡುನ್‌ಹುವಾಂಗ್ ಬೌದ್ಧ ಗುಹೆಗಳ ಚಾವಣಿಯಂತೂ ಕಮಲಗಳ ಸಂತೆ. 407ನೆಯ ಗುಹೆಯ ಚಾವಣಿಯ ನಡುವೆ ಮೂರು ಮೊಲಗಳು ಒಂದರ ಹಿಂದೊಂದು ಓಡುತ್ತವೆ. ಎಣಿಸಿದರೆ ಕಿವಿ ಇರುವುದು ಒಟ್ಟು ಮೂರೇ, ಆದರೂ ಪ್ರತಿ ಮೊಲಕ್ಕೂ ಎರಡೆರಡು ಕಿವಿ! ಈ ಗುಹೆಗಳ ನಮೂನೆಗಳನ್ನು ಎಳವೆಯಿಂದಲೇ ನಕಲು ಮಾಡುತ್ತ ಬೆಳೆದ ಚಾಂಗ್ ಷಾನಾ ಮುಂದೆ ಬೀಜಿಂಗ್‌ನ ಜನತಾ ಮಹಾಸಭಾಂಗಣದ ಅಲಂಕಾರ ವಿನ್ಯಾಸದಲ್ಲಿ ಅವನ್ನು ಬಳಸಿದರು. ಹಳೆಯ ನಮೂನೆ ಹೊಸ ಕಟ್ಟಡ ಹತ್ತುವುದು ನನಗೆ ನಷ್ಟವಾಗಿ ಕಾಣುವುದಿಲ್ಲ.

ಕೆಂಪುಕೋಟೆ

ನೋಡಿದಿರಾ, ಕೊನೆಗೆ ಎಲ್ಲವೂ ನಮ್ಮಿಂದಲೇ ಹೋದದ್ದು.

ಮಕರತೋರಣ

ಹಾಗೆ ನಾನು ಹೇಳಲಿಲ್ಲ. ಎರಡು ಎಳೆ ಹೋದವು. ಬಾವಲಿ, ಐದು ವಿಷ, ಚಿಟ್ಟೆ ತಾಯಿ ಇವೆಲ್ಲ ಅಲ್ಲಿಯವೇ. ಬಂದದ್ದನ್ನು ಅವರು ಏನು ಮಾಡಿಕೊಂಡರು ಎನ್ನುವುದೇ ಸ್ವಾರಸ್ಯ. ದಯವಿಟ್ಟು ಚರ್ಚೆಯನ್ನು ಆ ಕಡೆ ಎಳೆಯಬೇಡಿ.

ನೀಲಿಮಡಕೆ

ನಾನು ನೈಸರ್ಗಿಕ ಬಣ್ಣದ ಕೆಲಸ ಮಾಡುವವಳು, ಬಟ್ಟೆಯ ಕಡೆಯಿಂದ ಒಂದು ಮಾತು. ಜಿಯಾಂಗ್ಸು ಪ್ರಾಂತ್ಯದ ನಾನ್‌ತುಂಗ್ ನೀಲಿ ಅಚ್ಚಿನ ಬಟ್ಟೆಗೆ ಪ್ರಸಿದ್ಧ. ಅಲ್ಲಿನ ಚಿತ್ರಗಳನ್ನು ಹತ್ತಿರದಿಂದ ನೋಡಿ: ಹಕ್ಕಿಯ ಕತ್ತು, ಹೂವಿನ ಬಳ್ಳಿ, ಎಲ್ಲವೂ ಚುಕ್ಕಿ ಮತ್ತು ತುಂಡು ಗೀಟುಗಳಲ್ಲಿವೆ, ಒಂದಾದರೂ ಉದ್ದವಾದ ಅಖಂಡ ಗೆರೆ ಸಿಗುವುದಿಲ್ಲ. ಅದು ಸೌಂದರ್ಯದ ಸಿದ್ಧಾಂತವಲ್ಲ, ಕೆಲಸದ ಕಟ್ಟಳೆ. ಕಾಗದದ ಪದರಗಳನ್ನು ಅಂಟಿಸಿ, ಚಿತ್ರ ಕೊರೆದು, ತುಂಗ್ ಎಣ್ಣೆ ಕುಡಿಸಿ ಅಚ್ಚು ಮಾಡುತ್ತಾರೆ. ಗೆರೆಯನ್ನು ಪೂರ್ತಿ ಕೊರೆದರೆ ನಡುವಿನ ಭಾಗ ಕಳಚಿ ಬೀಳುತ್ತದೆ. ಆದ್ದರಿಂದ ಅಲ್ಲಲ್ಲಿ ಸೇತುವೆ ಬಿಡಬೇಕು. ಆ ಸೇತುವೆಗಳಿಂದಲೇ ಗೆರೆ ಕಾಳುಕಾಳಾಗಿ ಕಾಣುತ್ತದೆ.

ಅಚ್ಚನ್ನು ಬಟ್ಟೆಯ ಮೇಲಿಟ್ಟು ಸುಣ್ಣ ಮತ್ತು ಸೋಯಾ ಹಿಟ್ಟಿನ ಸರಿಯನ್ನು ಸವರುತ್ತಾರೆ. ಒಣಗಿದ ಬಟ್ಟೆ ನೀಲಿಯ ತೊಟ್ಟಿಗೆ ಇಳಿಯುತ್ತದೆ. ಹೊರತೆಗೆದಾಗ ಹಸಿರು, ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ನೀಲಿ. ಹೀಗೆ ಹಲವು ಮುಳುಗು. ಕೊನೆಗೆ ಚಾಕುವಿನಿಂದ ಸರಿಯ ಹೊಪ್ಪಳಿಕೆ ಕೆರೆದರೆ ಕೆಳಗೆ ಬಿಳಿ ಚಿತ್ತಾರ. ಸರಿ ಬಿರಿದ ಕಡೆ ಕೂದಲಿನಂಥ ನೀಲಿ ಗೆರೆ ಇಳಿದಿರುತ್ತದೆ. ಈಗ ಇದೇ ನಮೂನೆಯನ್ನು ರಾಸಾಯನಿಕ ಬಣ್ಣದಲ್ಲಿ ಯಂತ್ರ ಮುದ್ರಿಸುತ್ತದೆ. ಸೇತುವೆ ಬೇಕಿಲ್ಲದ ಯಂತ್ರವೂ ಸೇತುವೆಯ ನಕಲು ಮಾಡುತ್ತದೆ, ಬಿರುಕನ್ನೂ ಬಿಡಿಸುತ್ತದೆ. ನನಗೆ ನಗು ಬರುವುದು ಅಲ್ಲಿ.

ಗ್ವೀಝೋ ಕಡೆಯ ಮೇಣದ ನೀಲಿ ಬಟ್ಟೆಗೆ ಇಂಥ ಅಚ್ಚಿಲ್ಲ. ತಾಮ್ರದ ತೆಳು ತಗಡುಗಳನ್ನು ಕಟ್ಟಿದ ಪುಟ್ಟ ಕತ್ತಿಯನ್ನು ಬಿಸಿ ಜೇನುಮೇಣದಲ್ಲಿ ಅದ್ದಿ ನೇರವಾಗಿ ಬಟ್ಟೆಯ ಮೇಲೆ ಎಳೆಯುತ್ತಾರೆ. ಸುರುಳಿಗಳು ನೀರಿನ ಸುಳಿಯಂತೆ ಬರುತ್ತವೆ. ಅಲ್ಲಿ ನೀಲಿ ಕೊಡುವ ಒಂದು ಗಿಡ ನಮ್ಮ ಪಶ್ಚಿಮ ಘಟ್ಟದ ನೀಲಕುರಿಂಜಿಯ ಕುಲದ್ದೇ, ಅಂದರೆ ಸ್ಟ್ರೋಬಿಲಾಂತಿಸ್. ಕೊಡಗಿನವರಿಗೆ ಇದು ಕೇಳಿ ಖುಷಿಯಾದೀತು.

ಗುಂಡುಸೂಜಿ

ಸರ್ಕಾರ ಏನು ಮಾಡಿದೆ ಎಂಬುದನ್ನೂ ಸೇರಿಸೋಣ, ಇಲ್ಲದಿದ್ದರೆ ಚರ್ಚೆ ಗಾಳಿಯಲ್ಲಿ ತೇಲುತ್ತದೆ. 2006ರಲ್ಲಿ ಚೀನಾ ರಾಷ್ಟ್ರೀಯ ಅಮೂರ್ತ ಪರಂಪರೆಯ ಮೊದಲ ಪಟ್ಟಿ ತಂದಿತು, 518 ಬಾಬತ್ತು. ಕಾಗದ ಕತ್ತರಿಕೆ, ಹೊಸ ವರ್ಷದ ಚಿತ್ರ, ಮಿಯಾವೋ ಕಸೂತಿ, ನಾನ್‌ತುಂಗ್‌ನ ನೀಲಿ ಬಟ್ಟೆ ಎಲ್ಲವೂ ಅದರಲ್ಲಿದ್ದವು. ಮರುವರ್ಷದಿಂದ ಕಲೆಯನ್ನು ಮುಂದಕ್ಕೆ ಒಯ್ಯುವ ಅಧಿಕೃತ ‘ವಾರಸುದಾರ’ರನ್ನು ಹೆಸರಿಸತೊಡಗಿದರು. 2011ರ ಜೂನ್‌ನಿಂದ ಕಾನೂನೇ ಜಾರಿಯಲ್ಲಿದೆ. ರಾಷ್ಟ್ರಮಟ್ಟದ ವಾರಸುದಾರರಿಗೆ ವರ್ಷಕ್ಕೆ 20,000 ಯುವಾನ್ ನೆರವು ಇದೆ. ಪ್ರತಿಯಾಗಿ ಶಿಷ್ಯರಿಗೆ ಕಲಿಸುವ ಹೊಣೆ ಇದೆ, ಕಲಿಸದವರ ಬಿರುದನ್ನು ಹಿಂಪಡೆಯಲು ಅವಕಾಶವೂ ಇದೆ.

ಇಷ್ಟು ಮಾಡಿದ ದೇಶಗಳು ಎಷ್ಟಿವೆ? ಆದರೂ ಒಂದು ತೊಡಕನ್ನು ಒಪ್ಪಲೇಬೇಕು. ಒಂದು ಊರಿನ ಹೆಂಗಸರೆಲ್ಲ ಮಾಡುತ್ತಿದ್ದ ಕೆಲಸಕ್ಕೆ ಒಬ್ಬಳನ್ನು ವಾರಸುದಾರಳು ಎಂದಾಗ ಉಳಿದವರು ಏನಾಗುತ್ತಾರೆ? ಬಿರುದಿದ್ದವಳ ಕಾಗದಕ್ಕೆ ಒಂದು ಬೆಲೆ, ಪಕ್ಕದ ಮನೆಯವಳದ್ದಕ್ಕೆ ಇನ್ನೊಂದು.

ಹಕ್ಕಿನ ಪ್ರಶ್ನೆಯೂ ಕೋರ್ಟು ಕಂಡಿದೆ. 2001 ಹಾವಿನ ವರ್ಷ. ಆ ವರ್ಷದ ಅಂಚೆಚೀಟಿಯಲ್ಲಿ ತನ್ನ ಕತ್ತರಿಕೆಯನ್ನು ಬಳಸಿದ್ದಾರೆಂದು ಶಾನ್‌ಕ್ಸಿ ಮೂಲದ ಕಲಾವಿದೆಯೊಬ್ಬರು ಮೊಕದ್ದಮೆ ಹೂಡಿದರು. ಶೈಲಿ ಜನಪದದ್ದಾದರೂ ಆಕೆ ಸ್ವಂತವಾಗಿ ರಚಿಸಿದ ಕೃತಿಗೆ ಹಕ್ಕುಸ್ವಾಮ್ಯ ಇದೆ ಎಂದು ನ್ಯಾಯಾಲಯ ಒಪ್ಪಿತು. ಬಿದಿರುಕಡ್ಡಿಯವರ ಹೊಗೆ ಅಚ್ಚಿನ ಲೋಕದಲ್ಲಿ ಇದಕ್ಕೆ ಜಾಗವೆಲ್ಲಿ? ಎರವಲು ತಂದು ಮಸಿ ಹಿಡಿಯುವುದೇ ಅಲ್ಲಿ ಪದ್ಧತಿ.

ಬಿದಿರುಕಡ್ಡಿ

ಒಳ್ಳೆಯ ಪೆಟ್ಟು. ನೆರೆಮನೆಯವಳು ಎರವಲು ಒಯ್ಯುವುದೂ ಇಲಾಖೆಯೊಂದು ಲಕ್ಷಗಟ್ಟಲೆ ಮುದ್ರಿಸುವುದೂ ಒಂದೇ ಅಲ್ಲ. ಹಣ ಎಲ್ಲಿ ಹುಟ್ಟುತ್ತದೋ ಅಲ್ಲಿ ಹೆಸರೂ ಇರಬೇಕು. ಕೋರ್ಟು ಹೇಳಿದ್ದು ಸರಿ ಎಂದೇ ನನ್ನ ಅಭಿಪ್ರಾಯ.

ನಮೂನೆ ಹೊರಗಿನ ಒತ್ತಡಕ್ಕೆ ಬದಲಾಗುವುದೂ ಹೊಸತಲ್ಲ. 1940ರ ದಶಕದಲ್ಲಿ ಅದೇ ಉತ್ತರ ಶಾನ್‌ಕ್ಸಿಯ ಯಾನಾನ್‌ನಲ್ಲಿದ್ದ ಕಮ್ಯುನಿಸ್ಟ್ ಕಲಾವಿದರು ರೈತರ ಕಿಟಕಿ ಹೂವುಗಳನ್ನು ಸಂಗ್ರಹಿಸಿದರು. ಜೊತೆಗೆ ತಾವೇ ‘ಹೊಸ ಕಿಟಕಿ ಹೂವು’ ಕತ್ತರಿಸಿದರು: ನೂಲುವ ಹೆಂಗಸು, ಓದು ಕಲಿಯುವ ರೈತ, ಸೈನಿಕ. ಕೆಲವು ಸೊಗಸಾಗಿವೆ. ಆದರೆ ಹುಲಿಯ ಹೊಟ್ಟೆಯಲ್ಲಿ ಹೂವು ಅರಳಿಸುವ ಧೈರ್ಯ ಅವುಗಳಿಗಿಲ್ಲ. ಎಲ್ಲವೂ ಕಂಡದ್ದು ಕಂಡ ಹಾಗೆ.

ಅದಕ್ಕೆ ತದ್ವಿರುದ್ಧ ಷುನ್ಯಿ ಊರಿನ ಕು ಷುಲಾನ್. ಶಾನ್‌ಕ್ಸಿಯ ಬಡ ರೈತ ಮಹಿಳೆ. 1985ರಲ್ಲಿ ದಿಣ್ಣೆಯಿಂದ ಬಿದ್ದು ಬಹಳ ದಿನ ಪ್ರಜ್ಞೆಯಿಲ್ಲದೆ ಮಲಗಿದ್ದವಳು, ಎದ್ದ ಮೇಲೆ ತಾನೇ ‘ಹೂವು ಕತ್ತರಿಸುವ ದೇವಿ’ ಎಂದಳು. ಅಲ್ಲಿಂದಾಚೆ ಒಂದೇ ಕೆಂಪು ಸಾಲದಾಯಿತು. ಬಣ್ಣಬಣ್ಣದ ಕಾಗದದ ಚೂರುಗಳನ್ನು ಒಂದರ ಮೇಲೊಂದು ಅಂಟಿಸಿ, ಗುಹೆಮನೆಯ ಗೋಡೆ ತುಂಬ ಆ ದೇವಿಯನ್ನು ಕೂರಿಸಿದಳು: ದುಂಡು ಮುಖ, ಸುತ್ತ ಸೂರ್ಯ, ಚಂದ್ರ, ಮರ, ದೀಪ, ಹಕ್ಕಿ. ಹಾಡುತ್ತ ಕತ್ತರಿಸುತ್ತಿದ್ದಳಂತೆ. ಯುನೆಸ್ಕೋ 1996ರಲ್ಲಿ ಗೌರವಿಸಿತು, 2004ರಲ್ಲಿ ತೀರಿಕೊಂಡಳು. ಯಾವ ಪಟ್ಟಿಯ ಯಾವ ಕಲಮಿನಲ್ಲಿ ಅವಳನ್ನು ಸೇರಿಸುತ್ತೀರಿ? ಅವಳ ನಮೂನೆಯನ್ನು ತರಬೇತಿ ಶಿಬಿರದಲ್ಲಿ ಕಲಿಸಿದರೆ ಅವಳಂಥ ಇನ್ನೊಬ್ಬಳು ಬರುತ್ತಾಳೆಯೇ?

ಪರ್ಲ್ ನದಿ ದಡದಿಂದ

ಬರುವುದಿಲ್ಲ. ಆದರೆ ಶಿಬಿರ ಇಲ್ಲದಿದ್ದರೂ ಬರುವುದಿಲ್ಲ. ಅಂಥವರನ್ನು ಎಣಿಸಿ ಯೋಜನೆ ಮಾಡಲಾಗದು. ಸಾಧಾರಣ ಕೈಗಳ ಮಾತಾಡೋಣ.

ಹೈನಾನ್ ದ್ವೀಪದ ಲೀ ಸಮುದಾಯವನ್ನು ನೋಡಿ. ಅವರ ಭಾಷೆಗೆ ಹಳೆಯ ಲಿಪಿ ಇಲ್ಲ. ಯಾವ ಪಂಗಡದವಳು, ಯಾವ ಊರಿನವಳು ಎಂಬುದು ಲಂಗದ ಚಿತ್ತಾರದಲ್ಲೇ ಗೊತ್ತಾಗುತ್ತಿತ್ತು. ಮಗ್ಗಕ್ಕೆ ಚೌಕಟ್ಟಿಲ್ಲ. ನೆಲದ ಮೇಲೆ ಕಾಲು ಚಾಚಿ ಕೂತು, ಒಂದು ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ಇನ್ನೊಂದನ್ನು ಅಂಗಾಲಿನಿಂದ ಒತ್ತಿ ಹಿಡಿದು ನೇಯುವುದು. ಕಪ್ಪೆ ಮತ್ತು ಮನುಷ್ಯನ ರೂಪಗಳು ಅದರ ಮುಖ್ಯ ನಮೂನೆ. ಯುನೆಸ್ಕೋಗೆ ಅರ್ಜಿ ಹೋಗುವ ಹೊತ್ತಿಗೆ ಈ ವಿದ್ಯೆ ಬಲ್ಲವರು ಸಾವಿರಕ್ಕಿಂತ ಕಡಿಮೆ ಉಳಿದಿದ್ದರು. 2009ರಲ್ಲಿ ಅದು ‘ತುರ್ತಾಗಿ ಉಳಿಸಬೇಕಾದ’ ಪಟ್ಟಿ ಸೇರಿತು. ಶಾಲೆಗಳಲ್ಲಿ ಕಲಿಸಿದರು, ನೇಯುವ ಹೆಂಗಸರಿಗೆ ಕೂಲಿ ಸಿಗುವ ದಾರಿ ಮಾಡಿದರು. 2024ರ ಡಿಸೆಂಬರ್‌ನಲ್ಲಿ ಅದನ್ನು ತುರ್ತು ಪಟ್ಟಿಯಿಂದ ತೆಗೆದು ಸಾಮಾನ್ಯ ಪಟ್ಟಿಗೆ ವರ್ಗಾಯಿಸಲಾಯಿತು. ಹುಡುಗಿಯರು ಈಗ ನೇಯುವುದು ಲಂಗಕ್ಕಲ್ಲ, ಚೀಲಕ್ಕೆ, ಶಾಲಿಗೆ. ಬಿದಿರುಕಡ್ಡಿಯವರ ಲೆಕ್ಕದಲ್ಲಿ ಇದು ಜೀವವೇ ಅಲ್ಲವೇನೋ. ಸೊಂಟಕ್ಕೆ ಮಗ್ಗ ಕಟ್ಟಿಕೊಂಡು ಎಳೆ ಎಣಿಸಬಲ್ಲ ಹುಡುಗಿ ಇದ್ದರೆ ನನಗೆ ಸಾಕು.

ಹತ್ತಿನೂಲು

ಈ ಮಾತಿಗೆ ನನ್ನ ಮತ. ಸೀರೆಯ ಕಸೂತಿ ಕುರ್ತಾಕ್ಕೆ ಬಂದಾಗಲೂ ಇದೇ ಗೊಣಗಾಟ ಕೇಳಿದ್ದೇನೆ. ಎಣಿಕೆ ಕೈಯಲ್ಲಿದ್ದರೆ ಬಟ್ಟೆ ಯಾವುದಾದರೇನು? ಆದರೆ ಕೂಲಿ ಸರಿಯಾಗಿ ಸಿಗಬೇಕು. ಅಲ್ಲಿ ಹೇಗೋ, ನಮ್ಮಲ್ಲಿ ಮಾರುವವರಿಗೆ ಸಿಗುವುದು ಹೊಲಿಯುವವರಿಗೆ ಸಿಗುವುದಿಲ್ಲ.

ಬಿದಿರುಕಡ್ಡಿ

ಲೀ ಉದಾಹರಣೆಯ ಮುಂದೆ ನನ್ನ ವಾದ ಸ್ವಲ್ಪ ಸಡಿಲವಾಗಬೇಕು ಎನ್ನುವುದು ಕಾಣುತ್ತಿದೆ. ಒಂದು ಮಾತ್ರ ಬಿಡುವುದಿಲ್ಲ: ಆ ಹುಡುಗಿಗೆ ತನ್ನ ಕಪ್ಪೆಯನ್ನು ಬದಲಿಸುವ ಸ್ವಾತಂತ್ರ್ಯ ಇರಬೇಕು. ಪಟ್ಟಿಯಲ್ಲಿರುವ ಕಪ್ಪೆಯೇ ಸರಿ ಎಂದು ಅಧಿಕಾರಿ ತಿದ್ದುವ ದಿನ ಬಂದರೆ ಅದು ಪ್ಲಾಸ್ಟಿಕ್ ಹಾಳೆಗಿಂತ ಕಡೆ.

ಸ್ಲೇಟು ಬಳಪ

ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ತುರ್ಫಾನ್‌ನ ದುಂಡು ಹೂವಿನಂಥದ್ದನ್ನು ಮಕ್ಕಳಿಂದ ಮಾಡಿಸಬೇಕೆಂದಿದ್ದೇನೆ. ಹೋದ ಸಲ ಬೇರೊಂದು ನಮೂನೆ ಮಾಡಿಸಿದಾಗ ಹರಿದ ಕಾಗದವೇ ಹೆಚ್ಚಾಯಿತು. ಬಲ್ಲವರು ಹೇಳಿ.

ಪರ್ಲ್ ನದಿ ದಡದಿಂದ

ಮೇಡಂ, ಡ್ರಾಯಿಂಗ್ ಹಾಳೆ ಬೇಡ, ಮಡಿಸಿದರೆ ದಪ್ಪವಾಗಿ ಕತ್ತರಿ ಜಾರುತ್ತದೆ. ತೆಳ್ಳಗಿನ ಬಣ್ಣದ ಕಾಗದ ತೆಗೆದುಕೊಳ್ಳಿ. ಚೌಕವನ್ನು ಮೂರು ಸಲಕ್ಕಿಂತ ಹೆಚ್ಚು ಮಡಿಸಬೇಡಿ. ಒಳಗಿನ ಸಣ್ಣ ತೂತುಗಳನ್ನು ಮೊದಲು ಕತ್ತರಿಸಲಿ, ಹೊರಗಿನ ಅಂಚು ಕೊನೆಗೆ. ಮಕ್ಕಳು ಯಾವಾಗಲೂ ಇದನ್ನು ತಿರುಗುಮುರುಗು ಮಾಡುತ್ತಾರೆ, ಹರಿಯುವುದು ಅದಕ್ಕೇ. ಕತ್ತರಿ ಹಿಡಿದ ಕೈ ಇದ್ದಲ್ಲೇ ಇರಲಿ, ಕಾಗದ ತಿರುಗಲಿ. ಮಡಿಕೆಯ ಅಂಚನ್ನು ಪೂರ್ತಿ ಕತ್ತರಿಸಿದರೆ ಬಿಡಿಸುವಾಗ ಎಲ್ಲವೂ ತುಂಡಾಗುತ್ತದೆ, ಅಲ್ಲಲ್ಲಿ ಬಿಟ್ಟುಕೊಂಡು ಹೋಗಬೇಕು ಎಂದು ಮೊದಲೇ ತೋರಿಸಿಬಿಡಿ.